ಅಜ್ಜಿಯ ಎಲೆ ಗೆಲ್ಲಲಿಲ್ಲ

ಅಜ್ಜಿ,

ಕನ್ನಡಕ ಹಾಕಿಕೊಂಡು ಪೂರ್ತಿ ಓದು. ಅರ್ಧಕ್ಕೇ ಸಿಟ್ಟಾಗಬೇಡ.

ಇವತ್ತು ಕಷಾಯ ಕುದಿಸಬೇಡ. ನಮ್ಮ ಲ್ಯಾಬಿನಲ್ಲಿ ನಿನ್ನ ಎಲೆಯ ಪರೀಕ್ಷೆ ಮುಗಿಯಿತು. ಕಷಾಯ ಕುಡಿದವರ ರಕ್ತದ ಸಕ್ಕರೆಯೂ ಬರೀ ಬಣ್ಣದ ನೀರು ಕುಡಿದವರ ಸಕ್ಕರೆಯೂ ಒಂದೇ ಸಮ ಬಂತು. "ಇನ್ನೊಂದು ಸಲ ನೋಡೋಣ ಮೇಡಂ" ಅಂತ ಲ್ಯಾಬಿನ ಮುಖ್ಯಸ್ಥೆಯನ್ನು ನಾನೇ ಕಾಡಿದೆ. ನೋಡಿದರೂ ಅಷ್ಟೇ.

ನಿನ್ನೆಯೇ ಹೇಳಬೇಕಿತ್ತು. ನಾನು ಚಪ್ಪಲಿ ಬಿಡುವಾಗ ನೀನು ಪಕ್ಕದ ಮನೆಯವರಿಗೆ, "ನನ್ನ ಎಲೆಗೆ ಮೊಮ್ಮಗಳೇ ಸರ್ಟಿಫಿಕೇಟ್ ತರ್ತಾಳೆ, ನೋಡ್ತಿರಿ" ಅಂತಿದ್ದೆ. ಕೈಕಾಲು ತೊಳೆಯುವ ನೆಪದಲ್ಲಿ ನಾನು ನೇರ ಬಚ್ಚಲಿಗೆ ಹೋದೆ. ನಿನ್ನ ಎಲೆ ಗೆಲ್ಲಲಿ ಅಂತ ನಿನಗಿಂತ ಹೆಚ್ಚು ಹಂಬಲಿಸಿದವಳು ನಾನು.

ಆದರೆ ನಿನ್ನ ಕಾಲಿನ ಹುಣ್ಣು ಮಾಯುತ್ತಿಲ್ಲ. ಕಷಾಯ ನಂಬಿ ಮಾತ್ರೆ ಬಿಟ್ಟಿದ್ದೀಯ ಅಂತಲೂ ಗೊತ್ತಾಯಿತು. ಎಲ್ಲ ನಿನ್ನ ದಿಂಬಿನ ಕೆಳಗೇ ಸಿಕ್ಕವು. ಇವತ್ತಿನದನ್ನು ತಟ್ಟೆಯ ಪಕ್ಕ ಇಟ್ಟಿದ್ದೇನೆ, ತಿಂಡಿ ಜೊತೆ ನುಂಗು. ಸಂಜೆ ಡಾಕ್ಟರ ಹತ್ತಿರ ಹೋಗೋಣ, ಗಾಡಿಗೆ ಹೇಳಿದ್ದೇನೆ.

ಸಿಟ್ಟಿನಲ್ಲಿ ಗಿಡ ಕಿತ್ತು ಎಸೆಯಬೇಡ, ಪಾಪ, ಅದೇನು ಮಾಡಿದೆ?

ಸಂಜೆ ನಾನು ಮನೆಗೆ ಬಂದ ಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈಯಿ. ಊಟ ಮಾಡಿ ಬೈಯಿ, ಅಷ್ಟೇ. ಮಾತ್ರೆ ನುಂಗಿದವರು ಹಸಿದುಕೊಂಡು ಇರಬಾರದು.