ಹಳೆ ಕಂಪ್ಯೂಟರಿನಲ್ಲಿ ಮತ್ತೆ ಲಾರಿ ಓಡಿಸಿದ್ದು

ಪ್ರೀತಿಯ ಮಾವ,

ನಿಮಗೆ ಎದುರು ಕೂತು ಮಾತಾಡುವುದೇ ಇಷ್ಟ, ಉದ್ದ ಬರೆದದ್ದನ್ನು ಓದುವ ತಾಳ್ಮೆ ಇರಲಿಲ್ಲ. ಆದರೂ ಬರೆಯುತ್ತಿದ್ದೇನೆ. ಊಟ ಮುಗಿಸಿ ನಮ್ಮ ಡ್ರೈವಿಂಗ್ ಸ್ಕೂಲಿನ ಆಫೀಸಿನಲ್ಲಿ ಕೂತಿದ್ದೇನೆ. ಕೆಳಗೆ ಗುರುವಾಯನಕೆರೆ ಜಂಕ್ಷನ್ನಿನಲ್ಲಿ ಮೂಡುಬಿದಿರೆ ಬಸ್ಸಿನ ಕಂಡಕ್ಟರ್ "ವೇಣೂರು, ವೇಣೂರು" ಎಂದು ಕೂಗುತ್ತಿದ್ದಾನೆ. ಬಸ್ಸು ಗೇರ್ ಬದಲಿಸುವ ಸದ್ದು ಕೇಳಿದಾಗಲೆಲ್ಲ ಮೇಜಿನ ಕೆಳಗೆ ನನ್ನ ಎಡಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಈ ಶೋಭಾ ನಿಮಗೆ ಪರಿಚಯವಿಲ್ಲ. ನೀವು ಕಂಡ ಶೋಭಾ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹಾಡು ಗುನುಗುತ್ತಾ ಜೀಪು ಇಳಿಸುತ್ತಿದ್ದವಳು.

ಆ ಬೆಳಿಗ್ಗೆ ಎದೆ ಉರಿಯುತ್ತದೆ ಎಂದಿರಿ. "ಗ್ಯಾಸ್ ಮಾರಾಯ್ತಿ. ಆದ್ರೂ ಮಂಗಳೂರಲ್ಲಿ ಒಮ್ಮೆ ತೋರಿಸಿ ಬರುವ" ಎಂದು ನೀವೇ ಕಾರಿನ ಕೀ ನನ್ನ ಕೈಗೆ ಕೊಟ್ಟಿರಿ. ಕಲಿಸುವ ಕಾರು; ಕಲಿಸುವವರಿಗೆಂದು ಎಡಗಡೆಯೂ ಇರುವ ಬ್ರೇಕಿನ ಮೇಲೆ ಅಭ್ಯಾಸಬಲದಿಂದ ಕಾಲಿಟ್ಟು ಕೂತಿರಿ. ವಗ್ಗ ದಾಟಿ ಬಂಟ್ವಾಳದ ಕಡೆಗೆ ಹೋಗುವಾಗ, "ಆ ಲಾರಿಯನ್ನು ಓವರ್‌ಟೇಕ್ ಮಾಡ್ಬೇಡ, ಜಾಗ ಇಲ್ಲ" ಎಂದಿರಿ. ನಾನು ಮಾಡಲಿಲ್ಲ. ಆಮೇಲೆ ಹೊಸ ಕಾರಿನ ಸಾಲದ ಬಗ್ಗೆ ನಾನೊಬ್ಬಳೇ ಏನೇನೋ ಮಾತಾಡುತ್ತಾ ಹೋದೆ. ನಿದ್ದೆ ಹೋಗಿದ್ದೀರಿ ಎಂದುಕೊಂಡಿದ್ದೆ. ಬಂಟ್ವಾಳ ಪೇಟೆ ಬಂತು, ನೀರು ಬೇಕಾ ಎಂದು ಕೇಳಿದೆ. ಮತ್ತೊಮ್ಮೆ ಕೇಳಿದೆ. ತಿರುಗಿ ನೋಡಿದರೆ...

ಯಾರು ಪಕ್ಕದಲ್ಲಿದ್ದರೂ ಏನೂ ಮಾಡಲಿಕ್ಕೆ ಆಗುತ್ತಿರಲಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಅದನ್ನು ನಾನು ನಂಬಿದ್ದೇನೆ. ನನ್ನನ್ನು ಹಿಡಿದದ್ದು ಪಶ್ಚಾತ್ತಾಪವಲ್ಲ ಮಾವ, ಬರೀ ಹೆದರಿಕೆ. ನಿಮ್ಮ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯಲು ಹೋದೆ. ಬಾಗಿಲು ಹಾಕಿದ ಕೂಡಲೇ ಒಳಗಿನ ಗಾಳಿಯೆಲ್ಲ ಮುಗಿದ ಹಾಗಾಯಿತು. ಕ್ಲಚ್ ಒತ್ತಿದರೂ ಕೀ ತಿರುಗಿಸಲಾಗಲಿಲ್ಲ. ಕೆಳಗಿಳಿದು ಗೋಡೆ ಹಿಡಿದು ನಿಂತೆ. ಬೇರೆಯವರಿಗೆ ಡ್ರೈವಿಂಗ್ ಕಲಿಸಿ ಬದುಕುವವಳಿಗೆ ಇಂಥದ್ದೊಂದು ಬರುತ್ತದೆಂದು ಯಾರಾದರೂ ಎಣಿಸಿದ್ದರೇ?

ಆಮೇಲೆ ಬೆಳುವಾಯಿಯಿಂದ ಇಲ್ಲಿಗೆ ಬಸ್ಸಿನಲ್ಲಿ ಓಡಾಡಿದೆ. ಅದೂ ಹಿಂದಿನ ಸೀಟಿನಲ್ಲಿ, ಡ್ರೈವರ್ ಕಾಣದ ಹಾಗೆ. ಆಫೀಸಿನ ಬಾಗಿಲು ತೆಗೆಯುವುದು, ಕಲಿಯಲು ಬಂದ ಹೆಂಗಸರಿಗೆ "ಕಾರು ರಿಪೇರಿಗೆ ಉಂಟು" ಎನ್ನುವುದು, ಬಾಗಿಲು ಹಾಕುವುದು. ಅಮ್ಮನೇ ಕೊನೆಗೆ, "ಶಾಲೆ ಕೊಟ್ಟುಬಿಡುವ ಮಗಾ. ಅಣ್ಣನೇ ಇಲ್ಲದ ಮೇಲೆ ಯಾಕೆ ಇಷ್ಟು ಕಷ್ಟ?" ಎಂದರು. ಕೊಳ್ಳುವವರೂ ಬಂದು ನೋಡಿ ಹೋದರು. ಮೂಡುಬಿದಿರೆಯಲ್ಲಿ ನಾನು ತೋರಿಸಿಕೊಳ್ಳುವ ಡಾಕ್ಟರಮ್ಮ ಮಾತ್ರ ಬೇರೆ ಮಾತು ಹೇಳಿದರು. "ಒಮ್ಮೆಲೇ ಕಾರಿಗೆ ಹತ್ತಬೇಡಿ. ಕಾರಿಗಿಂತ ಸಣ್ಣದು, ಹೆದರಿಕೆ ಸ್ವಲ್ಪ ಕಡಿಮೆ ಇರುವಂಥದ್ದು ಏನಾದ್ರೂ ಉಂಟಾ ನಿಮ್ಮಲ್ಲಿ?"

ನನಗೆ ಆಗ ನೆನಪಾದದ್ದು ಆಫೀಸಿನ ಮೂಲೆಯ ಕಂಪ್ಯೂಟರ್. ಗಲ್ಫಿನಿಂದ ಬಂದ ಹಳೆ ವಿದ್ಯಾರ್ಥಿಯೊಬ್ಬರು ಕೊಟ್ಟ ಸ್ಟೀರಿಂಗು, ಪೆಡಲುಗಳನ್ನು ನೀವು ಅದಕ್ಕೆ ಜೋಡಿಸಿ, ಲಾರಿ ಓಡಿಸುವ ಆಟ ಹಾಕಿಸಿದ್ದಿರಿ. ಹೊಸಬರನ್ನು ಮೊದಲು ಅಲ್ಲೇ ಕೂರಿಸುತ್ತಿದ್ದಿರಿ. "ಇಲ್ಲಿ ಎಷ್ಟು ಬೇಕಾದ್ರೂ ಗುದ್ದಿ. ಇಲ್ಲಿ ಯಾರೂ ಸಾಯುದಿಲ್ಲ" ಎನ್ನುತ್ತಿದ್ದಿರಿ. ಕಲಿಯುವವರು ಇಲ್ಲದಾಗ ನೀವೇ ಕೂತು ಯಾವುದೋ ದೇಶದ ಹೆದ್ದಾರಿಯಲ್ಲಿ ಲಾರಿ ಓಡಿಸುತ್ತಿದ್ದಿರಿ, ಅಲ್ಲೂ ತಿರುವಿನಲ್ಲಿ ಹಾರ್ನ್ ಹಾಕುತ್ತಾ.

ಅದನ್ನು ಆನ್ ಮಾಡಿದ ದಿನ ಇನ್ನೊಂದು ಹೆದರಿಕೆ ಸುರುವಾಯಿತು. ಈ ವಿಂಡೋಸ್‌ಗೆ ಇನ್ನು ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ ಎಂದು ಪರದೆಯ ಮೇಲೆ ಬರೆದಿತ್ತು. ಹೊಸ ವಿಂಡೋಸ್ ಹಾಕಲು ಈ ಯಂತ್ರ ತೀರಾ ಹಳೆಯದಂತೆ. ಆಟ ತೆರೆದರೆ ಎಲ್ಲವೂ ನಿಂತುಬಿಡುತ್ತಿತ್ತು. ಕಲಿಯುವವರ ಆಧಾರ್, ಫೋಟೋ, ಲೈಸೆನ್ಸಿನ ಅರ್ಜಿಗಳೆಲ್ಲ ಅದರೊಳಗೇ ಇದ್ದವು. ಯಾರಾದರೂ ಕದ್ದರೆ? ಕಂಪ್ಯೂಟರೇ ಸತ್ತುಹೋದರೆ? ನಾನು ಪ್ಲಗ್ ಎಳೆದು ಹಾಕಿ ಸಫಿಯಾಗೆ ಫೋನ್ ಮಾಡಿದೆ.

ಸಫಿಯಾ ನಿಮಗೆ ನೆನಪಿರಬೇಕು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಹುಡುಗಿ, ರಿವರ್ಸ್ ತೆಗೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಲ್ಲ, ಅವಳೇ. "ಬಿಸಾಡಬೇಡಿ ಶೋಭಕ್ಕ, ವಿಂಡೋಸ್ ಬದಲು ಲಿನಕ್ಸ್ ಹಾಕುವ" ಎಂದಳು.

"ಅದು ಕಪ್ಪು ಪರದೆಯಲ್ಲಿ ಎಂತೆಂತದ್ದೋ ಟೈಪ್ ಮಾಡುವವರದ್ದಲ್ವಾ? ನನ್ನಿಂದಾಗುದಿಲ್ಲ."

"ಮೊದಲ ದಿನ ನೀವು ನನ್ನನ್ನು ಕಾರಿನಲ್ಲಿ ಕೂರಿಸಿದಾಗ ನಾನೂ ಅದನ್ನೇ ಹೇಳಿದ್ದು. ಆದಿತ್ಯವಾರ ಬರ್ತೇನೆ."

ಆ ಆದಿತ್ಯವಾರ ಅವಳು ಎರಡು ಪೆನ್ ಡ್ರೈವ್ ತಂದಿದ್ದಳು. ಲಿನಕ್ಸ್ ಅಂದರೆ ಒಂದಲ್ಲವಂತೆ ಮಾವ, ಬೇಕಾದಷ್ಟು ಬಗೆ ಇವೆಯಂತೆ. ಒಂದರಲ್ಲಿ ಆಟಕ್ಕೆಂದೇ ಮಾಡಿದ್ದು, ಇನ್ನೊಂದರಲ್ಲಿ ಹೊಸದಾಗಿ ಕಲಿಯುವವರಿಗೆ ಸುಲಭವೆಂದು ಎಲ್ಲರೂ ಹೇಳುವ ಲಿನಕ್ಸ್ ಮಿಂಟ್. "ಆಟಕ್ಕೇ ಅಲ್ವಾ? ಹಾಗಾದ್ರೆ ಆಟದ್ದನ್ನೇ ಹಾಕು" ಎಂದೆ. "ನೋಡುವ. ಹೊಸ ಕಂಪ್ಯೂಟರಿಗೆ ಅದು ಒಳ್ಳೇದೇ. ಪರದೆಗೆ ಚಿತ್ರ ತೋರಿಸುವ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಹಳೇದು, ಹೊಂದುತ್ತದಾ ಇಲ್ವಾ ಅಂತ ಓಡಿಸಿಯೇ ನೋಡ್ಬೇಕು" ಎಂದಳು.

ಆಟದ ಪೆನ್ ಡ್ರೈವ್ ಹಾಕಿ ಕಂಪ್ಯೂಟರ್ ಸುರು ಮಾಡಿದಳು. ಒಂದು ಚಿತ್ರ ಬಂತು, ಚಕ್ರ ತಿರುಗಿತು, ಪರದೆ ಕಪ್ಪಾಯಿತು. ಮತ್ತೆ ಏನೂ ಬರಲಿಲ್ಲ. ನಾನು ಕಾದೆ. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಾತಾಡುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಸುಮ್ಮನಾದರೆ ನನಗೆ ಏನಾಗುತ್ತದೆಂದು ನಿಮಗೆ ಹೇಗೆ ಹೇಳಲಿ? "ಹೋಯ್ತು. ಎಲ್ಲ ಹೋಯ್ತು ಸಫಿಯಾ" ಎಂದೆ. ಅವಳು ನನ್ನ ಮುಖ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡಳು. "ಎಂತದೂ ಹೋಗ್ಲಿಲ್ಲ ಶೋಭಕ್ಕ. ಇದು ಪೆನ್ ಡ್ರೈವಿನಿಂದ ಓಡಿದ್ದು, ಒಳಗಿನ ಡಿಸ್ಕನ್ನು ಮುಟ್ಟಲೇ ಇಲ್ಲ. ನಿಮ್ಮ ಹಳೆ ಕಾರ್ಡಿಗೂ ಇದಕ್ಕೂ ಹೊಂದಲಿಲ್ಲ, ಅಷ್ಟೇ. ನೋಡಿ." ಅದನ್ನು ತೆಗೆದು ಮತ್ತೆ ಆನ್ ಮಾಡಿ, ಹಳೆ ವಿಂಡೋಸ್ ಹಾಗೇ ಇರುವುದನ್ನು ತೋರಿಸಿದಳು. ನನ್ನ ಉಸಿರು ಸರಿಯಾಗುವವರೆಗೆ ಇನ್ನೊಂದು ಪೆನ್ ಡ್ರೈವನ್ನು ಮುಟ್ಟಲಿಲ್ಲ.

ಮಿಂಟಿನ ಪೆನ್ ಡ್ರೈವ್ ಹಾಕಿದಾಗ ಹಸಿರು ಬಣ್ಣದ ಪರದೆ ಬಂತು. ಕೆಳಗೆ ಮೂಲೆಯಲ್ಲಿ ಮೆನು, ಪಕ್ಕದಲ್ಲಿ ಗಡಿಯಾರ, ನಮ್ಮ ವಿಂಡೋಸಿನಲ್ಲಿ ಇದ್ದ ಹಾಗೇ. ಮಿಂಟಿನಲ್ಲೂ ಹಗುರದ್ದೊಂದು ಇದೆಯಂತೆ, ಅವಳು ತಂದದ್ದು ಅದನ್ನೇ. ಇಂಟರ್ನೆಟ್ ಸಿಕ್ಕಿತು, ಪ್ರಿಂಟರೂ ಸಿಕ್ಕಿತು. ಕೊನೆಗೆ ಸ್ಟೀರಿಂಗಿನ ವಯರ್ ಸಿಕ್ಕಿಸಿದಳು. ಮಾವ, ಅದು ತಾನಾಗಿ ಪೂರ್ತಿ ಎಡಕ್ಕೆ ತಿರುಗಿತು, ಪೂರ್ತಿ ಬಲಕ್ಕೆ ತಿರುಗಿತು, ನಡುವಿಗೆ ಬಂದು ನಿಂತಿತು. ನಾನು ಎದ್ದು ಬಾಗಿಲ ಬಳಿ ಹೋಗಿಬಿಟ್ಟಿದ್ದೆ. "ಅದರ ಅಳತೆ ಅದು ನೋಡಿಕೊಳ್ಳುದು ಅಷ್ಟೇ" ಎಂದು ಸಫಿಯಾ ನಕ್ಕಳು. ನಾನು ನಗಲಿಲ್ಲ.

ಫೈಲುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದೆವು. ಅವಳು ನಾಲ್ಕಾರನ್ನು ತೆರೆದು ತೋರಿಸಿದರೂ ನನಗೆ ಸಮಾಧಾನವಿಲ್ಲ. ನಾನೇ ಒಂದೊಂದಾಗಿ ತೆರೆದು ನೋಡಿದೆ. ಆಮೇಲೆ ಬಂದ ಪ್ರಶ್ನೆ: ಡಿಸ್ಕನ್ನು ಪೂರ್ತಿ ಅಳಿಸಿ ಮಿಂಟ್ ಹಾಕುವುದೇ? ಸಫಿಯಾ ಮೌಸನ್ನು ನನ್ನ ಕಡೆ ಸರಿಸಿದಳು.

"ನೀನೇ ಒತ್ತು."

"ಇಲ್ಲ ಶೋಭಕ್ಕ, ನೀವೇ ಒತ್ಬೇಕು. ನಾನು ಒತ್ತಿದರೆ ನಾಳೆ ನೀವು ಒಬ್ಬರೇ ಇರುವಾಗ ಇದಕ್ಕೂ ಹೆದರ್ತೀರಿ."

ಬೆರಳು ಮೌಸಿನ ಮೇಲಿದ್ದರೂ ಒತ್ತಲಾಗಲಿಲ್ಲ. ಕಾಪಿ ಮಾಡಿದ್ದು ಕಣ್ಣಾರೆ ಕಂಡಿದ್ದೆ. ಆದರೂ ಅಳಿಸುವುದು ಎಂಬ ಮಾತು... ನೀವು ದಿನಾ ಕೂತು ಕೆಲಸ ಮಾಡಿದ ಜಾಗವಲ್ಲವೇ? ಸಫಿಯಾ ಅವಸರ ಮಾಡಲಿಲ್ಲ. ಕೆಳಗಿನ ಹೋಟೆಲಿನಿಂದ ಚಾ ತರಿಸಿದಳು. ಚಾ ಕುಡಿದು ಲೋಟ ಕೆಳಗಿಟ್ಟು ಒತ್ತಿದೆ.

ಉಳಿದದ್ದು ಸಲೀಸಾಗಿ ಆಯಿತು. ಡ್ರೈವರ್ ಮ್ಯಾನೇಜರ್ ಎಂಬುದನ್ನು ತೆರೆದರೆ ಹಳೆ ಕಾರ್ಡನ್ನು ನಡೆಸಲು ಯಾವ ಸಾಫ್ಟ್‌ವೇರ್ ಸರಿಯೆಂದು ಅದೇ ತೋರಿಸಿತು. ನೀವು ಆಟ ಕೊಂಡದ್ದು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ, ಅದು ಅಲ್ಲಿ ಹಾಗೇ ಇತ್ತು. ಆ ಆಟ ಲಿನಕ್ಸಿಗೂ ಇದೆಯಂತೆ. "ವಿಂಡೋಸಿಗೆ ಮಾತ್ರ ಮಾಡಿದ ಎಷ್ಟೋ ಆಟಗಳನ್ನೂ ಸ್ಟೀಮೇ ಓಡಿಸ್ತದೆ. ಆನ್‌ಲೈನಲ್ಲಿ ಗುಂಡು ಹಾರಿಸುವ ಕೆಲವು ಮಾತ್ರ ಆಗುದಿಲ್ಲ" ಎಂದಳು. ನನಗ್ಯಾಕೆ ಗುಂಡು ಹಾರಿಸುವ ಆಟ? ಚಿತ್ರದ ಚಂದವನ್ನೆಲ್ಲ ಕಡಿಮೆ ಮಾಡಿ ಇಟ್ಟಳು. ಲಾರಿ ತಡವರಿಸದೆ ಹೊರಟಿತು.

ಮೊದಲ ಸಲ ಒಬ್ಬಳೇ ಆಡಿದಾಗ ನಡೆದದ್ದನ್ನು ಸಫಿಯಾಗೂ ಹೇಳಿಲ್ಲ. ನಮ್ಮ ಊರಿನ ಹಾಗೆ ಬಲಗಡೆ ಸ್ಟೀರಿಂಗ್ ಇರುವ ಲಾರಿ. ರಸ್ತೆಗೆ ಬಂದು ಸ್ವಲ್ಪ ಧೈರ್ಯ ಬಂದ ಮೇಲೆ ಕನ್ನಡಿ ನೋಡಲು ಪರದೆಯ ನೋಟವನ್ನು ಎಡಕ್ಕೆ ತಿರುಗಿಸಿದೆ. ಅಲ್ಲಿ ಖಾಲಿ ಸೀಟು. ಬರೀ ಚಿತ್ರದ ಸೀಟು ಎಂದು ಗೊತ್ತಿದ್ದರೂ ಕಣ್ಣು ಅಲ್ಲೇ ನಿಂತಿತು, ಲಾರಿ ಹೋಗಿ ತಡೆಗೋಡೆಗೆ ಬಡಿಯಿತು. ಕಂಪ್ಯೂಟರ್ ಆಫ್ ಮಾಡಿ ಮೆಟ್ಟಿಲಿಳಿದು ಹೋದೆ. ಮರುದಿನ ಪುನಃ ಬಂದೆ. ಪುನಃ ಗುದ್ದಿದೆ. ಗುದ್ದಿದರೂ ಎದ್ದು ಹೋಗದೆ ಕೂತ ದಿನ ಬಂತು. ಆಮೇಲೆ ಎಡಕ್ಕೆ ನೋಡಿಯೂ ಗುದ್ದದ ದಿನ ಬಂತು. ಮಳೆಗಾಲ ಪೂರ್ತಿ ಹೀಗೆ ಯಾವ್ಯಾವುದೋ ಊರಿಗೆ ಸರಕು ಮುಟ್ಟಿಸಿದೆ.

ಮಳೆ ಬಿಟ್ಟ ಮೇಲೆ ಶೆಡ್ಡಿಗೆ ಹೋದೆ. ಇಂಜಿನ್ ಸುರು ಮಾಡದೆ ಬರೀ ಕೂತೆ. ಇನ್ನೊಂದು ದಿನ ಸುರು ಮಾಡಿದೆ. ನಾವು ಕಲಿಯುವವರಿಂದ ಕಾರಿನಲ್ಲಿ ಎಂಟು ಹಾಕಿಸುವ ಮೈದಾನದಲ್ಲಿ ಸಫಿಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತು ಹೊಡೆದೆ. ಅವಳು ಪೂರ್ತಿ ಹೊತ್ತು ಮಾತಾಡುತ್ತಲೇ ಇದ್ದಳು, ಬಾಯಿ ಒಣಗಿದರೂ ನಿಲ್ಲಿಸಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಶಾಲೆ ಕೊಳ್ಳಲು ಬಂದವರಿಗೆ ಇಲ್ಲ ಎಂದು ಹೇಳಿಯಾಯಿತು. ಸೋಮವಾರದಿಂದ ಕ್ಲಾಸು. ಹೆದರಿಕೆ ಹೋಗಿದೆ ಎಂದು ನಿಮಗೆ ಸುಳ್ಳು ಬರೆಯಲಾರೆ. ಬಸ್ಸಿನ ಸದ್ದಿಗೆ ಕಾಲು ಈಗಲೂ ಒತ್ತಿಕೊಳ್ಳುತ್ತದೆ ಎಂದೆನಲ್ಲ. ಆದರೆ ನಿನ್ನೆ ಅಮ್ಮನನ್ನು ಮುಂಡಾಜೆಯ ಚಿಕ್ಕಮ್ಮನ ಮನೆಯಿಂದ ಕರೆತರಬೇಕಿತ್ತು. ನಾನೇ ಕಾರು ತೆಗೆದೆ. ಯಾವಾಗಲೂ ಹಿಂದೆ ಕೂರುವ ಅಮ್ಮ ಮುಂದಿನ ಬಾಗಿಲು ತೆಗೆದು ಎಡಗಡೆ ಕೂತರು. ಬೆಳ್ತಂಗಡಿ ದಾಟುವವರೆಗೆ ಚಿಕ್ಕಮ್ಮನ ಸೊಸೆಯ ಸುದ್ದಿ ಹೇಳಿದರು. ವೇಣೂರಿನ ಹತ್ತಿರ ಬರುವಾಗ ಮಾತು ನಿಂತಿತು.

ನಾನು ಕಾದೆ. ಮಾತು ಬರಲಿಲ್ಲ. ತಿರುಗಿ ನೋಡುವ ಧೈರ್ಯವಿಲ್ಲ. ಕಾರನ್ನು ಬದಿಗೆ ತಂದು, ಇಂಡಿಕೇಟರ್ ಹಾಕಿ, ನಿಲ್ಲಿಸಿ, ರಸ್ತೆಯನ್ನೇ ನೋಡುತ್ತಾ "ಅಮ್ಮಾ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕರೆದೆ.

"ಎಂತ?" ಎಂದರು ಅಮ್ಮ. "ಸ್ವಲ್ಪ ಕಣ್ಣು ಮುಚ್ಚಲಿಕ್ಕೂ ಬಿಡುದಿಲ್ವಾ ನೀನು? ಒಳ್ಳೆ ನಿದ್ದೆ ಬಂದಿತ್ತು."

ಕಾರು ಪುನಃ ರಸ್ತೆಗೆ ಹತ್ತಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರ ತಲೆ ಮತ್ತೆ ಗಾಜಿಗೆ ಒರಗಿತು. ಬೆಳುವಾಯಿ ಮುಟ್ಟುವವರೆಗೆ ನಾನು ಎಬ್ಬಿಸಲಿಲ್ಲ ಮಾವ.

ನಿಮ್ಮ
ಶೋಭಾ