ಎಡಬಾಜು ನಿರಿಗೆಯ ಕುಬಸ

ಅಣ್ಣಿಗೇರಿ
೧೪ ನವೆಂಬರ್ ೨೦೨೫

ಪ್ರೀತಿಯ ಮಗಳು ರೋಹಿಣಿಗೆ, ಅಪ್ಪನ ತುಂಬು ಮನಸ್ಸಿನ ಆಶೀರ್ವಾದಗಳು.

ಹೇಗಿದ್ದೀ ತಂಗಿ? ಪುಣೆಯ ಆ ಸಂಗ್ರಹಾಲಯದ ತಣ್ಣನೆಯ ಕೋಣೆಯಲ್ಲಿ ದಿನವಿಡೀ ಕೂತು ನೆಗಡಿ ಹಿಡಿದಿದೆ ಎಂದಿದ್ದಿ, ಈಗ ಹೇಗಿದೆ? ಹಳೆಯ ಕಾಗದಗಳಿಗೆ ತಂಪು ಬೇಕು ನಿಜ, ಕಾಗದ ಕಾಯುವವರಿಗೆ ಬಿಸಿ ಬೇಕಲ್ಲ. ಶುಂಠಿ ಜಜ್ಜಿ ಕಷಾಯ ಮಾಡಿಕೊಂಡು ಕುಡಿ. ಅಳಿಯಂದಿರೂ ಮೊಮ್ಮಗಳು ಐಶ್ವರ್ಯಳೂ ಅರಾಮ ಇದ್ದಾರೆಂದು ತಿಳಿದಿದ್ದೇನೆ. ನಾವಿಲ್ಲಿ ಅರಾಮ. ನಿನ್ನ ತಮ್ಮ ಗೌರೀಶನ ಕೈಯಲ್ಲಿ ಅಂಗಡಿ ನಡೆದಿದೆ, ಆದರೆ ಅವನು ಶಾಲೆಯ ಮಕ್ಕಳ ಸಮವಸ್ತ್ರ ಬಿಟ್ಟು ಬೇರೇನೂ ಹೊಲಿಯುವುದಿಲ್ಲ. ಇಡೀ ಅಂಗಡಿ ಒಂದೇ ಬಣ್ಣವಾಗಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಸೂಜಿಯ ಕಣ್ಣು ಮತ್ತೆ ಕಾಣುತ್ತಿದೆ, ದಾರ ಪೋಣಿಸಲು ಹೋದರೆ ಕೈ ನಡುಗುತ್ತದೆ. ಹಲ್ಲಿದ್ದರೆ ಕಡಲೆ ಇಲ್ಲ, ಕಡಲೆ ಇದ್ದರೆ ಹಲ್ಲಿಲ್ಲ. ನಿನ್ನ ಅವ್ವ ಸುಶೀಲವ್ವನ ಆರೋಗ್ಯವನ್ನಂತೂ ಕೇಳಲೇಬೇಡ. ಎಪ್ಪತ್ತೇಳರಲ್ಲಿಯೂ ನನ್ನನ್ನು ಬೈಯುವಷ್ಟು ಶಕ್ತಿ ಇದೆ.

ನಾನು ಕೈಯಾರೆ ಚಿತ್ರ ಬರೆದ ಹನ್ನೆರಡು ಫ್ಯಾಶನ್ ಬುಕ್ಕುಗಳು ಹೇಗಿವೆ? ನೀನು ಬಂದು ಅವನ್ನು ಒಯ್ದು ಎಂಟು ತಿಂಗಳಾಯಿತು, ಇನ್ನೂ ಮರೆತು ಅವುಗಳ ಕಪಾಟಿನ ಮುಂದೆ ಹೋಗಿ ನಿಲ್ಲುತ್ತೇನೆ. ಒಂದೊಂದು ಹಾಳೆಗೂ ನಂಬರು ಹಾಕಿ, ಮೆತ್ತನೆಯ ಕಾಗದದಲ್ಲಿ ಸುತ್ತಿ, ಉದ್ದನೆಯ ಖಾನೆಗಳಲ್ಲಿ ಮಲಗಿಸಿದ್ದೀರಿ ಎಂದಿದ್ದಿ. ಮೇಲಿನ ಖಾನೆಯಲ್ಲಿ ಮುಂಬಯಿ ಸಿನಿಮಾದವರಿಗಾಗಿ ಬೇರೆ ಯಾರೋ ಬರೆದ ಗೌನುಗಳು, ಕೆಳಗಿನದರಲ್ಲಿ ಪರದೇಶದ ಮೇಡಮ್ಮುಗಳ ಕೋಟು ಟೊಪ್ಪಿಗೆ, ನಡುವೆ ನಮ್ಮ ಖಣದ ಕುಬಸಗಳು. ಮೊನ್ನೆ ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಹತ್ತಿ ತುಂಬಿದ ಗಾಡಿಗಳು ಹೋಗುತ್ತಿದ್ದವು, ಗಾಳಿಗೆ ಒಂದೆರಡು ಎಳೆ ಒಳಗೂ ತೇಲಿ ಬಂದವು. ನಿದ್ದೆಯೋ ಎಚ್ಚರವೋ ತಿಳಿಯದು, ನಿಮ್ಮ ಖಾನೆಗಳು ತಾವಾಗಿಯೇ ತೆರೆದುಕೊಂಡವು. ಕುಬಸಗಳೆಲ್ಲ ಹಾಳೆಯಿಂದ ಎದ್ದು, ಒಳಗೆ ಮೈಯಿಲ್ಲದೆ, ಬರೀ ತೋಳು ಬೀಸುತ್ತ, ನಮ್ಮ ಕಪ್ಪು ಎರಿ ಹೊಲದ ಬದುವಿನ ಮೇಲೆ ಸಾಲಾಗಿ ನಡೆದವು. ಹಿಂದಿನಿಂದ ಗೌನುಗಳು ಅಂಚಿಗೆ ಮಣ್ಣು ತಾಗದಂತೆ ಎತ್ತಿಕೊಂಡು ಬಂದವು. ಒಂದು ಗೌನು ನಮ್ಮ ಉಬ್ಬಿದ ಪುಗ್ಗಾ ತೋಳಿನ ಕುಬಸವನ್ನು ನಿಲ್ಲಿಸಿ, ನಿನ್ನನ್ನು ಹೊಲಿದವರು ಯಾರು ಎಂದು ಕೇಳಿತು. ಅದು ನನ್ನ ಹೆಸರು ಹೇಳುವಷ್ಟರಲ್ಲಿ ನಿನ್ನ ಅವ್ವ ಚಹಾ ತಂದು ಎಬ್ಬಿಸಿಬಿಟ್ಟಳು. ಎಂಬತ್ತೆರಡರ ಮುದುಕನಿಗೆ ಬೀಳುವ ಕನಸು ಇದಲ್ಲ ಎಂದೂ ಅಂದಳು.

ಬುಕ್ಕುಗಳ ಜೊತೆ ಬರೆದಿಡಲು ನಮ್ಮ ಕಸುಬಿನ ಪದ್ಧತಿ ಕೇಳಿದ್ದಿ. ಬರೆದುಕೋ. ನಾನು ಐವತ್ತು ವರ್ಷ ಕುಬಸ ಹೊಲಿದರೂ ಒಬ್ಬ ಹೆಣ್ಣುಮಗಳ ಮೈಗೂ ಟೇಪು ಹಿಡಿಯಲಿಲ್ಲ. ಅವರು ತೊಟ್ಟು ಹಳೆಯದಾದ ಒಂದು ಕುಬಸ ಕಳಿಸುವರು, ಅದಕ್ಕೆ ಅಳತಿ ಕುಬಸ ಎಂದು ಹೆಸರು. ಅದರ ಮೇಲೆ ಹೊಸದನ್ನು ಕತ್ತರಿಸುವುದು. ಯಾವ ಹೆಗಲ ಮೇಲೆ ಕೊಡ ಹೊರುತ್ತಾಳೆ, ಯಾವ ಬಗಲಿಗೆ ಕೂಸು ಎತ್ತುತ್ತಾಳೆ, ಮೈ ಇಳಿದಿದೆಯೋ ತುಂಬಿದೆಯೋ, ಎಲ್ಲವನ್ನೂ ಆ ಹಳೆಯ ಅರಿವೆ ಹೇಳಿಬಿಡುತ್ತಿತ್ತು. ತಿಳಿದೂ ಬಾಯಿ ಮುಚ್ಚಿಕೊಂಡಿರುವುದು ಸಿಂಪಿಗರ ಕಸುಬಿನ ಅರ್ಧ ಭಾಗ. ಬುಕ್ಕು ಬೇಕಾಗುತ್ತಿದ್ದದ್ದು ಹೊಸ ನಮೂನೆಗೆ ಮಾತ್ರ. ಹುಬ್ಬಳ್ಳಿಗೆ ಗುಂಡಿ, ದಾರ ತರಲು ಹೋದಾಗ ಸಿನಿಮಾ ಪೋಸ್ಟರಿನ ಮುಂದೆ ನಿಂತು ತೋಳು, ಕೊರಳು ಕಣ್ಣಲ್ಲಿ ತುಂಬಿಕೊಂಡು ಬಂದು ಬಣ್ಣದ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಹೆಂಗಸರು ಬಂದು ಬೆರಳಿಟ್ಟು ಇಂಥದು ಬೇಕು ಎನ್ನುವರು, ಆ ಚಿತ್ರದ ಕೆಳಗೆ ಅವರ ಹೆಸರು ಬರೆದುಕೊಳ್ಳುವುದು. ನನ್ನ ಚಿತ್ರಗಳಿಗೆ ಮುಖ ಯಾಕಿಲ್ಲ ಎಂದು ನಿಮ್ಮ ದೊಡ್ಡ ಸಾಹೇಬರು ಬಹಳ ವಿಚಾರ ಮಾಡಿದ್ದಾರಂತೆ. ವಿಚಾರ ಮಾಡುವಂಥದ್ದು ಏನೂ ಇಲ್ಲ. ಮೊದಲ ಬುಕ್ಕಿನಲ್ಲಿ ಒಂದು ಮುಖ ಬರೆದಿದ್ದೆ. ಇಕಿ ಯಾರು ಎಂದು ಓಣಿಯೆಲ್ಲ ಕೇಳಿತು, ನಿನ್ನ ಅವ್ವ ಎರಡು ದಿನ ಮಾತು ಬಿಟ್ಟಳು. ಅಂದಿನಿಂದ ಕೊರಳು ಮುಗಿದ ಕೂಡಲೇ ಪೆನ್ಸಿಲ್ ಎತ್ತಿಬಿಡುತ್ತಿದ್ದೆ.

ಇನ್ನು ಏಳನೆಯ ಬುಕ್ಕಿನ ನಲವತ್ತೆಂಟನೆಯ ಹಾಳೆಯ ಮಾತು. ಹೋದ ವಾರ ನೀನು ಫೋನಿನಲ್ಲಿ ಎಷ್ಟು ಸಂತೋಷದಿಂದ ಹೇಳಿದೆ. ಜನವರಿಯ ಪ್ರದರ್ಶನಕ್ಕೆ ಆ ಚಿತ್ರವನ್ನು ಆಳೆತ್ತರ ದೊಡ್ಡದು ಮಾಡಿ ಬಾಗಿಲಿಗೆ ತೂಗುಹಾಕುತ್ತಾರೆ, ಕರೆಯೋಲೆಯ ಮೇಲೂ ಅದೇ ಬರುತ್ತದೆ ಎಂದು. ಬಲಬಾಜು ಪೂರಾ ಸಾದಾ, ಎಡಬಾಜು ಹೆಗಲಿನಿಂದ ನಡುವಿನ ತನಕ ಒತ್ತೊತ್ತಾಗಿ ನಿರಿಗೆ. ಎರಡು ಬಾಜು ಒಂದಕ್ಕೊಂದು ಹೊಂದದಂತೆ ಹೊಲಿಯುವ ಧೈರ್ಯ ಆ ಕಾಲಕ್ಕೆ ಒಬ್ಬ ಹಳ್ಳಿ ಟೇಲರಿಗೆ ಹೇಗೆ ಬಂತು ಎಂದು ನಿಮ್ಮ ಸಾಹೇಬರು ಕೇಳಿದರಂತೆ. ನಾನು ಫೋನ್ ಇಟ್ಟುಬಿಟ್ಟೆ. ಲೈನು ಕಟ್ಟಾಯಿತೆಂದು ನೀನು ತಿಳಿದೆ. ಕಟ್ಟಾಗಿರಲಿಲ್ಲ ತಂಗಿ. ಆ ಹಾಳೆಯನ್ನು ಹರಿದು ಒಲೆಗೆ ಹಾಕಿದ್ದೇನೆಂದು ಮೂವತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ. ಗಡಿಬಿಡಿಯಲ್ಲಿ ಬೇರೆ ಯಾವುದನ್ನೋ ಸುಟ್ಟಿರಬೇಕು. ಅದನ್ನು ಬಾಗಿಲಿಗೆ ಹಾಕಬೇಡ ಎನ್ನಲು ಈ ಪತ್ರ ಹಿಡಿದೆ. ಬರೀ ಬೇಡ ಎಂದರೆ ನೀನು ಬಿಡುವವಳಲ್ಲ, ಯಾಕೆ ಎಂದೂ ಹೇಳಬೇಕು.

ಅದು ನಿನ್ನ ಅವ್ವನಿಗೆ ಹೊಲಿದ ಕುಬಸ. ಎಂಬತ್ತಾರನೆಯ ಇಸವಿ, ನಿನಗೆ ಆರು ವರ್ಷ. ಅವ್ವ ಯರಗುಪ್ಪಿಗೆ, ತವರಿಗೆ ಹೋಗಿದ್ದಾಳೆ ಎಂದು ನಿಮಗೆ ಹೇಳಿದ್ದೆವು. ಅವಳು ಹುಬ್ಬಳ್ಳಿಯ ದವಾಖಾನೆಯಲ್ಲಿದ್ದಳು. ಎಡ ಎದೆಯಲ್ಲಿ ಗಂಟಾಗಿತ್ತು, ಕ್ಯಾನ್ಸರ್ ಎಂದರು, ಎದೆಯನ್ನೇ ತೆಗೆದರು. ಆ ರೋಗದ ಹೆಸರನ್ನು ಮನೆಯಲ್ಲಿ ನಾವು ಒಂದು ಸಲವೂ ಆಡಲಿಲ್ಲ, ಬರೆಯುತ್ತಿರುವುದೂ ಇದೇ ಮೊದಲು. ತಿರುಗಿ ಬಂದ ಮೇಲೆ ಅವಳು ಸೆರಗನ್ನು ಎರಡು ಸುತ್ತು ಹೊದ್ದು ಒಳಗೇ ಇರುತ್ತಿದ್ದಳು. ನೀರಿಗೆ ಹೋಗಲಿಲ್ಲ, ಗುಡಿಗೆ ಹೋಗಲಿಲ್ಲ. ನೀನು ಓಡಿ ಬಂದು ತೆಕ್ಕೆಗೆ ಬಿದ್ದರೆ ಮೆಲ್ಲನೆ ಬಲಗಡೆಗೆ ಸರಿಸಿಕೊಳ್ಳುವಳು. ಗಂಡನಾಗಿ ನಾನು ಹೇಳಿದ್ದು ಯಾವುದೂ ಅವಳಿಗೆ ನಾಟಲಿಲ್ಲ. ಟೇಲರನಾಗಿ ನೋಡೋಣ ಎಂದುಕೊಂಡು ಅವಳ ಹಳೆಯ ಕುಬಸದ ಹೊಲಿಗೆ ಬಿಚ್ಚಿ ಎದುರಿಗಿಟ್ಟುಕೊಂಡು ಎರಡು ದಿನ ಕೂತು ಆ ಚಿತ್ರ ಬರೆದೆ. ಗಿರಾಕಿಗೆ ತೋರಿಸುವ ಹಾಗೆ ಬುಕ್ಕು ತೆರೆದು ಅವಳ ಮುಂದಿಟ್ಟು, ಹೊಸ ಫ್ಯಾಶನ್ ಬಂದಿದೆ ನೋಡು ಎಂದೆ. ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ತೋಳಿನ ಮೇಲೆ ಬೆರಳಿಟ್ಟು, “ಪುಗ್ಗಾ ಬ್ಯಾಡ್ರಿ, ಸಾದಾ ತೋಳ ಇಡ್ರಿ. ನಾ ಏನ ಸಣ್ಣ ಹುಡುಗಿ ಏನ್ರಿ?” ಎಂದಳು. ನಾನು ಅಂಗಡಿಗೆ ಹೋಗಿ ಬಾಗಿಲು ಮುಂದೆ ಎಳೆದುಕೊಂಡು ಅತ್ತೆ.

ನಿರಿಗೆಯ ಒಳಗೆ ಹಳೆಯ ಧೋತರದ ಅಸ್ತರ, ಅಸ್ತರದ ಒಳಗೆ ಹತ್ತಿ. ಆ ಹತ್ತಿಯನ್ನು ಪಿಂಜಿ ಕೊಟ್ಟವನು ಪಿಂಜಾರ ಓಣಿಯ ನಿಜಾಮಸಾಬ. ಎರಡು ಹಿಡಿ ಸಾಕು, ಆದರೆ ಅಗದಿ ಮೆತ್ತಗೆ ಬೇಕು ಎಂದೆ. ಎರಡು ಹಿಡಿ ಹತ್ತಿಯಲ್ಲಿ ಗಾದಿಯೂ ಆಗದು, ದಿಂಬೂ ಆಗದು. ಅವನು ಮೂರು ಸಲ ಪಿಂಜಿ ಕಾಗದದಲ್ಲಿ ಕಟ್ಟಿಕೊಟ್ಟು, “ತೊಯ್ದರ ಗಂಟ ಬೀಳತೈತ್ರಿ ಸಿಂಪಿಗೇರ, ತಿಂಗಳಿಗೊಮ್ಮೆ ಬರ್ರಿ” ಎಂದನೇ ಹೊರತು ಯಾಕೆಂದು ಕೇಳಲಿಲ್ಲ. ಕಣ್ಣು ಮುಚ್ಚುವ ತನಕ ಕೇಳಲಿಲ್ಲ. ಆ ವರ್ಷ ದೀಪಾವಳಿಗೆ ನಿನ್ನ ಅವ್ವ ಆ ಕುಬಸ ತೊಟ್ಟು ಬಾಗಿಲ ಹೊರಗೆ ಬಂದಳು. ಆಗೆಲ್ಲ ನಮ್ಮ ಮನೆಗಳಲ್ಲಿ ಸೆರಗು ಬಲ ಹೆಗಲಿನ ಮೇಲೆ ಬರುತ್ತಿತ್ತು, ಎಡಬಾಜು ಬಯಲಿಗೇ ಇರುತ್ತಿತ್ತು. ನಿರಿಗೆಗೆ ಕೆಲಸ ಬಿದ್ದದ್ದು ಅದಕ್ಕೇ. ಎದುರು ಮನೆಯ ಹನಮವ್ವ ನೋಡಿದ್ದೇ ತಡ, ಇದೇ ನಮೂನೆ ತನಗೂ ಬೇಕೆಂದು ಖಣ ಹಿಡಿದುಕೊಂಡು ಬಂದಳು. ಕಾರ್ತೀಕ ಮುಗಿಯುವುದರೊಳಗೆ ಹದಿನೇಳು ಮಂದಿ ಹೊಲಿಸಿದರು. ಮುಚ್ಚಿಕೊಳ್ಳುವಂಥದ್ದು ಅವರಿಗೆ ಯಾರಿಗೂ ಏನೂ ಇರಲಿಲ್ಲ, ಫ್ಯಾಶನ್ ಎಂದು ಹೊಲಿಸಿದರು. ನೀನು ಆ ಹಾಳೆಯ ಕೆಳಗೆ ಎಣಿಸಿದ ಹದಿನೇಳು ಹೆಸರು ಅವರದು. ಮೊದಲು ತೊಟ್ಟವಳ ಹೆಸರು ಮಾತ್ರ ಅಲ್ಲಿಲ್ಲ. ಮುಂದೆ ಯಾರಾದರೂ ಗುಟ್ಟು ಹಿಡಿದಾರೆಂದು ಕಾರ್ತೀಕ ಮುಗಿದ ಮೇಲೆ ಆ ಹಾಳೆ ಸುಡಲು ಹೋದದ್ದು. ಒಂದು ಸೋಮವಾರ ಸಂಜೆ ಅಮೃತೇಶ್ವರ ಗುಡಿಯಲ್ಲಿ ದೀಪ ಹಚ್ಚಲು ಓಣಿಯ ಹೆಂಗಸರೆಲ್ಲ ಬಂದರು. ಹೊಗೆಯೋ ಮಂಜೋ, ಕಂಬಗಳ ನಡುವೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ನಿರಿಗೆಗಳು ಮಾತ್ರ ದೀಪದ ಬೆಳಕಿಗೆ ಏಳುತ್ತಿದ್ದವು, ಬೀಳುತ್ತಿದ್ದವು. ಅವರಲ್ಲಿ ನನ್ನ ಹೆಂಡತಿ ಯಾರೆಂದು ನನಗೇ ಗುರುತು ಸಿಗಲಿಲ್ಲ. ಅಂಥ ಸುಖ ನನಗೆ ಜೀವಮಾನದಲ್ಲಿ ಮತ್ತೊಂದಿಲ್ಲ ರೋಹಿಣಿ.

ನೀನು ಅರಿವೆಯ ಇತಿಹಾಸ ಓದಿದವಳು, ಒಂದು ಹೊಲಿಗೆ ನೋಡಿ ಇಸವಿ ಹೇಳುವವಳು, ನಿನ್ನ ಕಣ್ಣಿಗೇ ಅದು ಬೀಳಲಿಲ್ಲ ಎಂದರೆ ನನ್ನ ಹೊಲಿಗೆ ಕೆಟ್ಟದ್ದಲ್ಲ ಬಿಡು. ಆದರೆ ಊರ ಹೆಣ್ಣುಮಕ್ಕಳ ಗುಟ್ಟು ಐವತ್ತು ವರ್ಷ ಕಾಯ್ದವನು ಮನೆಯಾಕೆಯ ಗುಟ್ಟನ್ನು ಪುಣೆಯ ಬಾಗಿಲಿಗೆ ತೂಗುಹಾಕಿರಿ ಎನ್ನಲೇ? ಬೇರೆ ಹಾಳೆ ಆರಿಸಿಕೋ, ಬೋಟ್ ಕೊರಳಿನದು ಚೆನ್ನಾಗಿದೆ. ನಿಜ ಹೇಳಿದರೆ ಒಳಗೊಳಗೆ ನನಗೆ ಆಸೆಯೂ ಇದೆ. ನಾನು ಬರೆದದ್ದರಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಅದು ಗೋಡೆ ತುಂಬ ನಿಂತಿರುವುದನ್ನು ಎರಡು ದಿನದಿಂದ ಕಣ್ಣು ಬಿಟ್ಟುಕೊಂಡೇ ನೋಡುತ್ತಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ. ಪತ್ರ ಮುಗಿಸಿ ಓದಿ ತೋರಿಸುತ್ತೇನೆ, ಅವಳು ಏನನ್ನುತ್ತಾಳೋ ಹಾಗೆ ಮಾಡು. ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೋ, ಅವಳ ಮೇಲೆ ಬೇಡ.

ಅಳಿಯಂದಿರಿಗೆ ಶರಣು ತಿಳಿಸು. ಐಶ್ವರ್ಯಳ ತಲೆ ಸವರಿದ್ದೇನೆಂದು ಹೇಳು. ನಿನ್ನ ಕೈಯಲ್ಲಿ ನನ್ನ ಹಾಳೆಗಳು ಸುಖವಾಗಿವೆ, ಶಿವನ ಕೈಯಲ್ಲಿ ನೀನೂ ಹಾಗೆಯೇ ಇರು.

ನಿನ್ನ ಅಪ್ಪ,
ಈರಬಸಪ್ಪ ಸಿಂಪಿಗೇರ

ತಾ. ಕ.: ಓದಿ ತೋರಿಸಿದೆ. ಗೌರೀಶ ಅಂಚೆಗೆ ಹೊರಟು ನಿಂತಿದ್ದಾನೆ, ನಿನ್ನ ಅವ್ವ ಮಾತ್ರ ಲಕೋಟೆ ಅಂಟಿಸಲು ಬಿಡಲಿಲ್ಲ. ಎದುರಿಗೆ ಕೂತು ಬರೆಸುತ್ತಿದ್ದಾಳೆ, ಒಂದಕ್ಷರವನ್ನೂ ತಿದ್ದಕೂಡದಂತೆ. “ರೋಹಿಣಿ, ಚಿತ್ರ ಬಾಗಲಿಗೆ ಹಾಕವ್ವ. ಕೆಳಗ ನನ್ನ ಹೆಸರ ಬರಿ, ಯಾಕ ಹೊಲಿದದ್ದು ಅನ್ನೂದೂ ಬರಿ. ನನಗ ಅದರಾಗ ನಾಚಿಕಿ ಏನೂ ಉಳಿದಿಲ್ಲ. ನನ್ನ ಚಿಂತಿ ಬ್ಯಾರೆ ಐತಿ. ನಮ್ಮವ್ವ ಸತ್ತಾಗ ಹೊಟ್ಟಿಬ್ಯಾನಿ ಅಂದಿದ್ರು. ಅಕಿಗೂ ಎದಿಯಾಗ ಗಂಟ ಇತ್ತಂತ, ನನ್ನ ಆಪರೇಶನ್ ಆದಮ್ಯಾಲೆ ನಮ್ಮ ಚಿಗವ್ವ ಹೇಳಿದ್ಲು. ಮೊದಲ ಹೇಳಿದ್ರ ನಾ ಲಗೂನ ತೋರಿಸ್ಕೋತಿದ್ದೆ. ಈಗ ನಾನೂ ನಿನಗ ಹಂಗ ಮಾಡೇನಿ. ನನಗ ಆದಾಗ ಮೂವತ್ತೆಂಟ, ನಿನಗ ಈಗ ನಲವತ್ತೈದ. ಈ ಪತ್ರ ಮುಟ್ಟಿದ ದಿನಾನ ದವಾಖಾನಿಗೆ ಹೋಗು. ಡಾಕ್ಟರ ಮುಂದ ನಂದೂ ನಮ್ಮವ್ವಂದೂ ಮಾತ ಬಿಚ್ಚಿ ಹೇಳು. ಹೋಗಿ ಬಂದು ನನಗ ಫೋನ್ ಮಾಡು. ಚಿತ್ರದ ಮಾತ ಆಮ್ಯಾಲೆ.”