ಅರ್ಲಿ ಅಂದರೆ

ನವೆಂಬರ್ 14, ಗುರುವಾರ

ಹೆಗ್ಗದ್ದೆ ಬಸ್ ಮತ್ತೆ ತಪ್ಪಿತು. ಹಾಲಿನ ಪಿಕಪ್ ಹತ್ತಿ ದೋಣಿಗಲ್ ಕಾಫಿ ಎಸ್ಟೇಟಿಗೆ. ಚೀಲದಲ್ಲಿ ಸಂಘದ ಹೊಸ ಕರಪತ್ರ, ಇನ್ನೂ ಜೆರಾಕ್ಸ್ ವಾಸನೆ. ತಲೆಬರಹ ನನ್ನದೇ: ‘ನಮ್ಮ ಮೈಯ ವರದಿ ನಾವೇ ಓದೋಣ’.

ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ ಹೆಂಗಸರಿಗೆ ಕಳೆದ ತಿಂಗಳ ಕ್ಯಾಂಪಿನ ವರದಿ ಬಂದಿದೆ. ಗರ್ಭಕೋಶದ ಬಾಯಿಯ ವೈರಸ್ ಪರೀಕ್ಷೆ. ಎಲ್ಲ ಇಂಗ್ಲಿಷ್. ಕ್ಯಾಂಪಿನವರು ಕವರುಗಳನ್ನು ಲೆಕ್ಕ ಬರೆಯುವ ರೈಟರ್ ಲೋಹಿತ್ ಕೈಗೆ ಕೊಟ್ಟು ಹೋಗಿದ್ದಾರೆ. ಹೆಂಗಸರ ಮೈಯ ವಿಷಯ, ಎಸ್ಟೇಟ್ ರೈಟರ್ ಕೈಯಲ್ಲಿ! ಕಿತ್ತುಕೊಂಡೆ.

“ಬಂದ್ರಪ್ಪ ಡಾಕ್ಟ್ರು ಕೃತಿಕಾ,” ಅಂದ. “ಯಾವ ಕಾಲೇಜು ಮೇಡಂ, ಕರಪತ್ರ ಮೆಡಿಕಲ್ ಕಾಲೇಜಾ?”

ಹೆಂಗಸರನ್ನು ಕರೆದು ಒಂದೊಂದೇ ಕವರು ಒಡೆದೆ. ನಗುವವರು ನಗಲಿ.

ಎಲ್ಲರದ್ದೂ ನೆಗೆಟಿವ್, ಕಲ್ಯಾಣಮ್ಮನದು ಬಿಟ್ಟು. ‘ಇ6, ಇ7 — ಪಾಸಿಟಿವ್’. ಕೆಳಗೆ, ಹಾಸನದಲ್ಲಿ ಮುಂದಿನ ಪರೀಕ್ಷೆ ಮಾಡಿಸಿ ಎಂದಿತ್ತು. ನಿಂತಲ್ಲೇ ಫೋನಿನಲ್ಲಿ ಹುಡುಕಿದೆ. ಇ ಅಂದರೆ ಅರ್ಲಿ. ಅರ್ಲಿ ಜೀನ್. ಅಷ್ಟು ಸಾಕಾಯಿತು.

“ಹೆದರಬೇಡಿ ಕಲ್ಯಾಣಕ್ಕ. ಅರ್ಲಿ ಅಂತ ಇದೆ. ಈಗಷ್ಟೇ ಶುರು.”

“ಅರ್ಲಿ ಅಂದ್ರೆ ಎಂಗೆ? ನಮ್ ಫ್ಲೈ ಪಿಕಿಂಗ್ ಇದ್ದಂಗಾ?”

ಎಷ್ಟು ಖುಷಿಯಾಯಿತು! ಅಲ್ಲೊಂದು ಇಲ್ಲೊಂದು ಮೊದಲು ಹಣ್ಣಾದದ್ದನ್ನು ಆಯುವುದು ಫ್ಲೈ ಪಿಕಿಂಗ್. ದೊಡ್ಡ ಕುಯ್ಲು ಆಮೇಲೆ. “ಹೂಂ, ಹಾಗೇ,” ಅಂದೆ. “ದೊಡ್ಡ ಕುಯ್ಲಿಗೆ ಇನ್ನೂ ಕಾಲ ಇದೆ.”

“ಹಂಗಾರೆ ಕಾಫಿ ಕುಯ್ಲು ಮುಗಿಸ್ಕಂಡೇ ಹಾಸ್ನಕ್ಕೆ ಹೋಗಾನ ಬುಡು.”

ಸರಿ ಅಂದೆ. ಜನರ ಬದುಕಿನಿಂದಲೇ ಪದ ಬರಬೇಕು ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ.

ನವೆಂಬರ್ 17

ಕರಪತ್ರಕ್ಕೆ ಸೇರಿಸಿದೆ: ‘ಅರ್ಲಿ ಎಂದರೆ ಫ್ಲೈ ಪಿಕಿಂಗ್. ಗಾಬರಿ ಬೇಡ.’ ಕೊನೆಯಲ್ಲಿ ನನ್ನ ಹೆಸರು. ಸ್ಟೋರ್ ಗೋಡೆಗೆ ಅಂಟಿಸಿದೆ, ಸಂಜೆ ಹಣ್ಣು ತೂಗುವ ಜಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಕಲ್ಯಾಣಮ್ಮ ಓದಿಸಿಕೊಂಡು ಸೆರಗು ಬಾಯಿಗಿಟ್ಟು ನಕ್ಕರು.

“ನನ್ ಮಾತು ಪೇಪರ್‌ನಾಗೆ ಬಂದ್ಬುಡ್ತಲ್ಲೇ!”

ಡಾಕ್ಟರುಗಳ ಇಂಗ್ಲಿಷ್ ಕೋಟೆಯಿಂದ ಒಂದು ಕಲ್ಲು ಉದುರಿತು.

ಡಿಸೆಂಬರ್ 29, ಭಾನುವಾರ

ಬರೆದು ಎಷ್ಟು ದಿನವಾಯಿತು. ಸಭೆ, ಓಡಾಟ... ಇವತ್ತಿನದನ್ನು ಬರೆಯಲು ಇಷ್ಟವಿಲ್ಲ. ಬರೆಯುತ್ತೇನೆ.

ಆಲೂರಿನಲ್ಲಿ ಇನ್ನೊಂದು ಕ್ಯಾಂಪ್. ದೋಣಿಗಲ್ ಕ್ಯಾಂಪಿಗೆ ಬಂದಿದ್ದ ಅದೇ ಡಾಕ್ಟರ್ ಮೇಡಂ. ಕರಪತ್ರವನ್ನು ಹೆಮ್ಮೆಯಿಂದ ಕೈಗಿಟ್ಟೆ. ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

“ಯಾರು ಬರೆದದ್ದು ಇದು?”

“ನಾನೇ ಮೇಡಂ.”

“ಅರ್ಲಿ ಅಂದ್ರೆ ಕಾಯಿಲೆ ಅರ್ಲಿ ಅಂತ ಅಲ್ಲಮ್ಮ. ವೈರಸ್ಸು ಜೀವಕೋಶದ ಒಳಗೆ ಹೋದ ಮೇಲೆ ಮೊದಲು ಕೆಲಸಕ್ಕೆ ಇಳಿಯೋ ಜೀನು. ಅದಕ್ಕೆ ಆ ಹೆಸರು. ಬೆಳೆದು ನಿಂತ ಗಡ್ಡೇಲೂ ಅದೇ ಇ6, ಇ7 ಇರುತ್ತೆ.”

ಆಮೇಲೆ ಕೂರಿಸಿಕೊಂಡು ಹೇಳಿದರು. ಅರ್ಥವಾದಷ್ಟು: ಕೋಶದೊಳಗಿನ ಡಿಎನ್‌ಎ ಕೆಟ್ಟರೆ ‘ನಿಲ್ಲು, ಸರಿಮಾಡಿಕೋ, ಆಗದಿದ್ದರೆ ಸಾಯಿ’ ಎನ್ನುವ ಪ್ರೋಟೀನ್ ಒಂದಿದೆ. ಇ6 ಅದನ್ನು ಕೋಶದ್ದೇ ಕಸ ತೆಗೆಯುವ ವ್ಯವಸ್ಥೆಗೆ ಹಿಡಿದುಕೊಟ್ಟು ನಾಶ ಮಾಡಿಸುತ್ತದೆ. ಕೋಶ ಹೊತ್ತಲ್ಲದ ಹೊತ್ತಿನಲ್ಲಿ ಒಡೆದು ಎರಡಾಗದಂತೆ ತಡೆಯುವ ಇನ್ನೊಂದು ಪ್ರೋಟೀನ್ ಇದೆ. ಇ7 ಅದರ ಕೈ ಕಟ್ಟುತ್ತದೆ. ವೈರಸ್ಸಿಗೆ ಬೇಕಾದದ್ದು ತನ್ನ ನಕಲು, ಅಷ್ಟೇ. ಆದರೆ ತಡೆಯುವವರಿಲ್ಲದ ಕೋಶ ತನ್ನ ತಪ್ಪುಗಳನ್ನು ಹೊತ್ತುಕೊಂಡೇ ಒಡೆಯುತ್ತ ಹೋಗುತ್ತದೆ. ಕೆಲವರಲ್ಲಿ ವೈರಸ್ಸಿನ ತುಂಡು ಕೋಶದ ಡಿಎನ್‌ಎಯಲ್ಲೇ ಸೇರಿಬಿಡುತ್ತದೆ. ಆಗ ಈ ಎರಡಕ್ಕೂ ಅಂಕೆಯೇ ಇರುವುದಿಲ್ಲ.

ಪಾಸಿಟಿವ್ ಅಂದರೆ ಆ ಜೀನ್‌ಗಳು ಕೆಲಸ ನಡೆಸುತ್ತಿವೆ ಎಂದು. ಕ್ಯಾನ್ಸರ್ ಇದೆ ಅಂತಲ್ಲ. ಇಲ್ಲ ಅಂತಲೂ ಅಲ್ಲ. ನೋಡಬೇಕು. ಮುಂದೂಡಬಾರದು.

“ನಿಮ್ಮ ಲೈನಿನಲ್ಲಿ ಒಬ್ಬರು ಇದ್ರಲ್ಲ? ಹಾಸನಕ್ಕೆ ಹೋದ್ರಾ?”

“ಹೋಗ್ತಾರೆ ಮೇಡಂ,” ಅಂದೆ. ಹೋಗಿಲ್ಲ ಅನ್ನಲಿಲ್ಲ. ನಾನೇ ತಡೆದೆ ಅನ್ನಲಿಲ್ಲ.

ಬರುವಾಗ ಕರಪತ್ರದ ಕಟ್ಟನ್ನು ಬಸ್ಸಿನ ಸೀಟಿನಡಿ ಬಿಟ್ಟೆ. ಕಂಡಕ್ಟರ್ ಕೂಗಿ ಕರೆದು ವಾಪಸ್ ಕೊಟ್ಟ.

ಜನವರಿ 3

ದೋಣಿಗಲ್‌ಗೆ ಹೋಗಲಿಲ್ಲ. ಜ್ವರ ಅಂತ ಅಮ್ಮನಿಗೆ ಹೇಳಿದೆ. ಜ್ವರವಿಲ್ಲ.

ಜನವರಿ 6, ಸೋಮವಾರ

ಹೋದೆ. ಹೋಗಿ ಮೊದಲು ಮಾಡಿದ್ದೇನು? ಸ್ಟೋರ್ ಗೋಡೆಯ ಕಾಗದ ಕಿತ್ತದ್ದು. ಕಲ್ಯಾಣಮ್ಮನನ್ನು ಕಾಣುವ ಮೊದಲೇ! ನನ್ನ ಹೆಸರು ಅಲ್ಲಿಂದ ಹೋಗಬೇಕಿತ್ತು ನನಗೆ.

ಲೋಹಿತ್ ನೋಡಿದ. “ಏನ್ ಮೇಡಂ, ಪಾಠ ವಾಪಸ್ಸಾ?”

“ಪ್ರಿಂಟ್ ಸರಿ ಇರಲಿಲ್ಲ.”

ಎಷ್ಟು ಸಲೀಸಾಗಿ ಬಂತು ಸುಳ್ಳು.

ಕಲ್ಯಾಣಮ್ಮ ರೋಬಸ್ಟಾ ಕಾಫಿ ಗಿಡದ ಸಾಲಿನಲ್ಲಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು. ಹೇಳಿದೆ. ಆಗಲೂ ಪೂರ್ತಿ ಅಲ್ಲ. “ಬೇಗ ಬನ್ನಿ ಅಂತಿದಾರೆ ಡಾಕ್ಟರು.”

“ಅವತ್ತು ಫ್ಲೈ ಪಿಕಿಂಗು, ಇವತ್ತು ಬೇಗವಾ? ಡಾಕ್ಟ್ರುಗಳು ದಿನಕ್ಕೊಂದು ಮಾತಾಡ್ತಾರೆ ಅಂತ ನೀನೇ ಬೈತಿದ್ದೆ ಕಣಮ್ಮ.”

ಕೈ ನಿಲ್ಲಲಿಲ್ಲ. ಹಣ್ಣು ಬಿಡಿಸುತ್ತಲೇ ದನಿ ತಗ್ಗಿಸಿದರು.

“ಈಗೀಗ ಬಟ್ಟೆ ಮೇಲೆ ರಕ್ತದ್ ಕಲೆ ಬೇರೆ ಆಯ್ತೈತೆ. ಮುಟ್ಟು ನಿಂತು ಎಷ್ಟ್ ವರ್ಸ ಆಯ್ತು, ಇದೆಲ್ಲಿಂದ ಬಂತು ಅಂತ... ಅರ್ಲಿ ಅಲ್ವಾ ಅಂತ ಸುಮ್ಕಾಗ್ಬುಟ್ಟೆ.”

ಅರ್ಲಿ ಅಲ್ವಾ ಅಂತ.

ಆಗ ಹೇಳಿದೆ. ಡಾಕ್ಟರ್ ಮಾತು ಬದಲಾಯಿಸಿಲ್ಲ. ನನಗೆ ಗೊತ್ತಿರಲಿಲ್ಲ. ಅವತ್ತು ಎಲ್ಲ ಗೊತ್ತಿರುವವಳ ಹಾಗೆ ಹೇಳಿದೆ.

ಈಗ ಕೈ ನಿಂತಿತು. ನನ್ನ ಮುಖ ನೋಡಿದರು. “ಗೊತ್ತಿಲ್ಲ ಅಂದಿದ್ರೆ ನಾನೇನ್ ನಗ್ತಿದ್ನಾ ಮಾರಾಯ್ತಿ?”

ಅಷ್ಟೇ. ಚೀಲ ಬಿಚ್ಚಿ ಕೆಳಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 9, ಹಾಸನ. ಬೆಳಿಗ್ಗೆ 11

ಆಸ್ಪತ್ರೆಯ ಬೆಂಚು. ಬಸ್ಸಿನಲ್ಲಿ ಕಲ್ಯಾಣಮ್ಮ ಕಡ್ಲೆಕಾಯಿ ಕೊಟ್ಟರು. ತೆಗೆದುಕೊಂಡೆ. ತಿನ್ನಲಾಗಲಿಲ್ಲ.

ಇಲ್ಲಿಯ ಡಾಕ್ಟರ್ ಬೇರೆ. ವರದಿಯ ತಾರೀಖು ನೋಡಿ ರೇಗಿದರು. “ನವೆಂಬರ್‌ದು ಇದು! ಬ್ಲೀಡಿಂಗ್ ಬೇರೆ. ಇಷ್ಟು ದಿನ ಏನ್ ಮಾಡ್ತಿದ್ರಿ? ಯಾರೂ ಹೇಳಲಿಲ್ವಾ?”

ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ.

“ಕಾಫಿ ಕುಯ್ಲಿನ್ ಕಾಲ, ಹಣ್ಣು ಉದುರ್ತಿತ್ತು ಡಾಕ್ಟ್ರೇ,” ಅಂದರು ಕಲ್ಯಾಣಮ್ಮ. “ಈ ಹುಡ್ಗಿ ಹೇಳ್ತಾನೇ ಇತ್ತು. ನಾನೇ ಬರ್ನಿಲ್ಲ.”

ಬಾಯಿ ಮುಚ್ಚಿಕೊಂಡೆ.

ಡಾಕ್ಟರ್ ನನ್ನತ್ತ ತಿರುಗಿ ತಲೆಯಾಡಿಸಿದರು. “ನಿಮ್ಮಂಥವರು ಎಷ್ಟು ಹೇಳಿದ್ರೂ ಇವರು ಕೇಳಲ್ಲ ನೋಡಿ.” ನಾನು ನಕ್ಕೆ ಅನ್ನಿಸುತ್ತದೆ... ಅನ್ನಿಸುವುದೇನು. ನಕ್ಕೆ.

11.40

ಒಳಗೆ ಕರೆದುಕೊಂಡು ಹೋಗಿದ್ದಾರೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರಂತೆ. ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು ಹೋದರು. ನನ್ನ ಕೈಗೇ.

ಈಗಷ್ಟೇ ಯೋಚಿಸುತ್ತಿದ್ದೆ, ತಪ್ಪು ತಿದ್ದಿ ಹೊಸ ಕರಪತ್ರ ಬರೆಯಬಹುದು ಅಂತ. ಮೊದಲ ಸಾಲೂ ಹೊಳೆದಿತ್ತು. ಥೂ.

ಚೀಟಿಯ ಮೇಲೆ ಡಾಕ್ಟರ್ ಬರೆದದ್ದು ಕಂಡೆ: ‘ತಿಳಿಸಿದರೂ ರೋಗಿ ಬಂದಿಲ್ಲ’. ಇಂಗ್ಲಿಷಿನಲ್ಲಿ. ಕಲ್ಯಾಣಮ್ಮನಿಗೆ ಓದಲು ಬರುವುದಿಲ್ಲ. ಓದಿ ಹೇಳಬೇಕಾದವಳು ನಾನು. ಹೇಳಲಿಲ್ಲ. ಅವರು ತಡಮಾಡಲಿಲ್ಲ, ತಡಮಾಡಿಸಿದ್ದು ನಾನು. ಇಲ್ಲಿಂದ ಹೊರಡುವ ಮೊದಲು ಡಾಕ್ಟರಿಗೆ ಅಷ್ಟು ಹೇಳಬೇಕು. ಕಲ್ಯಾಣಮ್ಮನ ಎದುರಿಗೇ.

ಬಾಗಿಲು ತೆರೆಯಿತು. ಅದೇ ಡಾಕ್ಟರ್, ಗ್ಲೌಸ್ ತೆಗೆಯುತ್ತ. “ಕಲ್ಯಾಣಮ್ಮನ ಕಡೆಯವರು ಯಾರು?”

“ನಾನು,” ಅಂದೆ. ಪುಸ್ತಕ ಮುಚ್ಚುತ್ತೇನೆ, ಮೊದಲು ಅದನ್ನು ಹೇಳಬೇಕು.